ಆಕ್ಸಲ್ ಬುಷ್ ಪುಲ್ಲರ್ ಬಾಡಿಗೆಗೆ ತರುವ ಮುಂಚೆ ಅದರ ರಾಡ್ ನೋಡಿ

ಕಾರಿನ ಹಿಂದಿನ ಆಕ್ಸಲ್ ಬುಷ್ (ಆಕ್ಸಲ್ ಕಾರಿಗೆ ಸೇರುವ ಕಡೆ ಕೂರುವ ರಬ್ಬರ್ ಉಂಗುರ) ಮನೆಯಲ್ಲೇ ಹಾಕೋಣ, ಟೂಲ್ ಹೇಗೂ ಬಾಡಿಗೆಗೆ ಸಿಗುತ್ತದಲ್ಲ ಅಂದುಕೊಂಡವರಿಗೆ ಈ ಬರಹ. ಕೆಲಸ ಮಾಡಬೇಡಿ ಅಂತ ಹೇಳುತ್ತಿಲ್ಲ. ಬಾಡಿಗೆ ಸೆಟ್ಟನ್ನು ಸರಿಯಾಗಿ ನೋಡದೆ ಕಾರು ಬಿಚ್ಚಬೇಡಿ. ನನ್ನ ಕಾರು ಸ್ಟ್ಯಾಂಡ್ ಮೇಲೆ ನಿಂತಿತ್ತು. ಬುಷ್ ಎಳೆದು ತೆಗೆಯಲು ಬಾಡಿಗೆಗೆ ತಂದ ಪುಲ್ಲರ್ ಆಕ್ಸಲ್‌ನಲ್ಲೇ ಕಚ್ಚಿಕೊಂಡಿತ್ತು. ವಾಪಸ್ ಕೊಡೋಣ ಅಂದರೂ ಬಿಡಿಸಿಕೊಳ್ಳಲಾಗದ ಆ ಟೂಲಿಗೆ ದಿನದ ಬಾಡಿಗೆ ಮಾತ್ರ ಏರುತ್ತಲೇ ಇತ್ತು.

ನನ್ನದು ಮೊದಲ ತಲೆಮಾರಿನ ಸ್ಕೋಡಾ ಆಕ್ಟೇವಿಯಾ, 1.9 ಡೀಸೆಲ್. ಭಾರತಕ್ಕೆ 2001ರಲ್ಲಿ ಬಂದು 2010ರವರೆಗೂ ಮಾರಾಟವಾದ ಕಾರು. ಇದನ್ನು ಇನ್ನೂ ಇಟ್ಟುಕೊಂಡವರ ಹುಚ್ಚು ಗೊತ್ತಿರುವವರಿಗೆ ಗೊತ್ತು. ಹಿಂದೆ ಎಡಕ್ಕೂ ಬಲಕ್ಕೂ ಸೇರಿ ಆಕ್ಸಲ್ ಆಗಿ ಒಂದೇ ಬೀಮ್ (ಅಡ್ಡ ತೊಲೆ) ಇರುತ್ತದೆ. ಅದರ ಎರಡು ತೋಳುಗಳ ಮುಂದಿನ ತುದಿಯಲ್ಲಿ ಒಂದೊಂದು ದೊಡ್ಡ ರಬ್ಬರ್ ಬುಷ್. ಇಡೀ ಹಿಂದಿನ ಆಕ್ಸಲ್ ಕಾರಿನ ಬಾಡಿಯ ಜೊತೆ ಸೇರಿಕೊಳ್ಳುವುದು ಈ ಎರಡು ಬುಷ್‌ಗಳ ಮೂಲಕವೇ. ರಬ್ಬರ್ ಹರಿದರೆ ಹಂಪ್ ಇಳಿದಾಗ ಹಿಂದಿನಿಂದ ಡಬ್ ಅನ್ನುತ್ತದೆ, ತಿರುವಿನಲ್ಲಿ ಗಾಡಿಯ ಹಿಂಭಾಗ ಬೇರೆಯದೇ ದಾರಿ ಹಿಡಿದ ಹಾಗೆ ಅನ್ನಿಸುತ್ತದೆ, ಟೈರು ಒಂದೇ ಕಡೆ ಸವೆಯುತ್ತದೆ. ಬ್ರಾಕೆಟ್‌ಗೂ ಆಕ್ಸಲ್‌ಗೂ ನಡುವೆ ಬಾರ್ ಹಾಕಿ ಮೀಟಿದರೆ ಹರಿದದ್ದು ಕಣ್ಣಿಗೇ ಕಾಣುತ್ತದೆ. ನನ್ನ ಕಾರಿನಲ್ಲಿ ಎರಡೂ ಹೋಗಿದ್ದವು.

ಇದನ್ನು ಹಾಕಲು ಎರಡು ದಾರಿ. ಬೀಮ್ ಪೂರ್ತಿ ಇಳಿಸಿ, ಲೇತ್ ಅಂಗಡಿಗೆ ಒಯ್ದು ಹೈಡ್ರಾಲಿಕ್ ಪ್ರೆಸ್‌ನಲ್ಲಿ ಒತ್ತಿಸುವುದು ಒಂದು. ಹಾಗೆ ಮಾಡಿದರೆ ಬ್ರೇಕ್ ಪೈಪ್, ಹ್ಯಾಂಡ್‌ಬ್ರೇಕ್ ಕೇಬಲ್, ಎಬಿಎಸ್ ವೈರ್ ಎಲ್ಲ ಬಿಚ್ಚಬೇಕು, ಆಮೇಲೆ ಬ್ರೇಕಿನ ಗಾಳಿ ತೆಗೆಯಬೇಕು. ಇನ್ನೊಂದು, ಬೀಮಿನ ಮುಂದಿನ ತುದಿಯನ್ನಷ್ಟೇ ಕೆಳಗೆ ಇಳಿಸಿ, ಕಾರಿನ ಅಡಿಯಲ್ಲೇ ಪುಲ್ಲರ್ ಹಾಕಿ ಎಳೆಯುವುದು. ಎರಡನೆಯದು ಸುಲಭ ಅಂತ ಕಾಣುತ್ತದೆ, ಟೂಲ್ ಒಳ್ಳೆಯದಿದ್ದರೆ ಸುಲಭವೇ. ಒಂದು ಉದ್ದದ ಥ್ರೆಡ್ ರಾಡ್, ಬುಷ್ ಒತ್ತಲು ಒಂದು ಸಣ್ಣ ಕಪ್, ಹೊರಬರುವ ಬುಷ್ ಒಳಗೆ ಕೂರಲು ಒಂದು ದೊಡ್ಡ ಕಪ್, ಭಾರ ಬಿದ್ದರೂ ನಟ್ಟು ಸಲೀಸಾಗಿ ತಿರುಗಲು ಅದರ ಕೆಳಗೆ ಥ್ರಸ್ಟ್ ಬೇರಿಂಗ್. ಇಷ್ಟೇ ಸೆಟ್. ಜೀವನದಲ್ಲಿ ಒಂದೋ ಎರಡೋ ಸಲ ಬೇಕಾಗುವ ಸಾಮಾನು ಯಾಕೆ ಕೊಳ್ಳಬೇಕು ಅಂತ ಬಾಡಿಗೆಗೆ ಹೋಗುತ್ತೇವೆ.

ಬೆಂಗಳೂರಿನ ಒಂದು ಟೂಲ್ ಅಂಗಡಿಯಿಂದ ತಂದೆ. ಡೆಪಾಸಿಟ್ 6,000, ದಿನಕ್ಕೆ 500. ರಾಡ್ ಹೈ ಟೆನ್ಸೈಲಾ, ಅಂದರೆ ಹೆಚ್ಚು ಎಳೆತ ತಡೆಯುವ ಗಟ್ಟಿ ಉಕ್ಕಿನದಾ ಅಂತ ಕೇಳಿದ್ದೆ. "ಕಂಪನಿ ಸೆಟ್ ಸಾರ್, ದಿನಾ ಹೋಗ್ತಾ ಬರ್ತಾ ಇರುತ್ತೆ, ಯಾರೂ ಏನೂ ಹೇಳಿಲ್ಲ" ಅಂದರು. ಪೆಟ್ಟಿಗೆ ನಿಜಕ್ಕೂ ಕಂಪನಿಯದೇ. ಒಳಗಿದ್ದ ರಾಡ್ ಆ ಪೆಟ್ಟಿಗೆಯದಲ್ಲ.

ಮೊದಲ ಬುಷ್ ಕದಲಿತು, ಅರ್ಧ ಹೊರಬಂತು, ನಿಂತಿತು. ನಟ್ಟು ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಗ್ರೀಸ್ ಹಾಕಿಯೇ ಶುರು ಮಾಡಿದ್ದರೂ ರಾಡಿನ ಥ್ರೆಡ್ ಎಳೆದುಕೊಂಡು ನಟ್ಟಿನೊಳಗೆ ಕಚ್ಚಿಕೊಂಡಿತ್ತು. ಅಂಗಡಿಗೆ ಫೋನ್ ಮಾಡಿದೆ. "ಟೂಲ್ ವಾಪಸ್ ಬರೋವರೆಗೂ ಬಾಡಿಗೆ ಸಾರ್" ಅನ್ನುವುದೊಂದೇ ಉತ್ತರ.

ಬಿಡಿಸಬೇಕಾದರೆ ರಾಡನ್ನೇ ಕೊಯ್ಯಬೇಕು. ಇಲ್ಲಿ ಗ್ರೈಂಡರ್ ತರಬೇಡಿ. ಈ ಕಾರಿನಲ್ಲಿ ಡೀಸೆಲ್ ಟ್ಯಾಂಕ್ ಆಕ್ಸಲ್‌ಗೆ ಸ್ವಲ್ಪ ಮುಂದೆಯೇ ಇದೆ. ರಬ್ಬರ್ ಸುಟ್ಟು ಬುಷ್ ತೆಗೆಯಿರಿ ಅಂತ ಸಲಹೆ ಕೊಡುವವರೂ ಇದ್ದಾರೆ. ಬೀಮ್ ಕಳಚಿ ಬಯಲಲ್ಲಿ ಇಟ್ಟಿದ್ದರೆ ಅದು ಬೇರೆ ಮಾತು, ಕಾರಿನ ಅಡಿಯಲ್ಲಿ ಬೆಂಕಿ ಹಚ್ಚುವುದು ಹುಚ್ಚುತನ. ಹ್ಯಾಕ್ಸಾ ಬ್ಲೇಡಿನಲ್ಲೇ ಕೊಯ್ದೆ. ಬಿಗಿಯಾಗಿರುವ ರಾಡ್ ಕೊನೆಯಲ್ಲಿ ಟಪ್ ಅಂತ ಹಾರುತ್ತದೆ, ಮುಖ ಅದರ ನೇರಕ್ಕೆ ಇರಬಾರದು, ಕನ್ನಡಕ ಬೇಕೇ ಬೇಕು.

ಆಶ್ಚರ್ಯ ಆದದ್ದು ಬ್ಲೇಡು ಎಷ್ಟು ಸಲೀಸಾಗಿ ಇಳಿಯಿತು ಅನ್ನುವುದಕ್ಕೆ. ಗಟ್ಟಿ ರಾಡ್ ಆಗಿದ್ದರೆ ಅಷ್ಟು ಸುಲಭಕ್ಕೆ ಜಗ್ಗುತ್ತಿರಲಿಲ್ಲ. ತುಂಡನ್ನು ಲೇತ್ ಅಂಗಡಿಯವರ ಕೈಗೆ ಕೊಟ್ಟೆ. ನೋಡಿದ ಕೂಡಲೇ ನಕ್ಕರು. "ಇದು ಪೈಪ್ ನೇತು ಹಾಕೋ ರಾಡು ಸಾರ್, ಹಾರ್ಡ್‌ವೇರ್ ಅಂಗಡೀಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತೆ." ಅಸಲಿ ರಾಡ್ ಯಾವತ್ತೋ ಮುರಿದಿರಬೇಕು. ಅದರ ಜಾಗಕ್ಕೆ ಇದನ್ನು ಕತ್ತರಿಸಿ ಹಾಕಿದ್ದಾರೆ. ಥ್ರಸ್ಟ್ ಬೇರಿಂಗ್ ಇರಬೇಕಾದ ಕಡೆ ಎರಡು ದಪ್ಪ ವಾಷರ್.

ಇದು ಎಷ್ಟು ದೊಡ್ಡ ವ್ಯತ್ಯಾಸ ಅಂತ ಲೆಕ್ಕ ಹಾಕಿ ನೋಡಿ. ಆ ರಾಡ್ 16 ಎಂ.ಎಂ. ದಪ್ಪದ್ದು. ಥ್ರೆಡ್ ಕಳೆದು ಭಾರ ತಡೆಯುವ ಭಾಗ 157 ಚದರ ಮಿ.ಮೀ. ಸಾಮಾನ್ಯ 4.6 ಗ್ರೇಡಿನ (ಉಕ್ಕಿನ ಬಲದ ಗುರುತು, ಸಂಖ್ಯೆ ದೊಡ್ಡದಾದಷ್ಟೂ ಗಟ್ಟಿ) ರಾಡ್ ಆದರೆ ಸುಮಾರು 3.8 ಟನ್ ಎಳೆತಕ್ಕೆ ಶಾಶ್ವತವಾಗಿ ಹಿಗ್ಗಲು ಶುರುವಾಗುತ್ತದೆ. ಅದೇ ದಪ್ಪದ 10.9 ಗ್ರೇಡಿನದು 14 ಟನ್ ದಾಟುವವರೆಗೂ ತಡೆಯುತ್ತದೆ. ತುಕ್ಕು ಹಿಡಿದು ವರ್ಷಗಟ್ಟಲೆ ಕೂತ ಬುಷ್ ಕದಲಲು ಹಲವು ಟನ್ ಬೇಕಾಗಬಹುದು. ರಾಡ್ ಒಂಚೂರು ಹಿಗ್ಗಿದರೂ ಸಾಕು, ಥ್ರೆಡ್‌ಗಳ ಅಂತರ ತಪ್ಪುತ್ತದೆ, ನಟ್ಟು ಹಿಡಿದುಕೊಳ್ಳುತ್ತದೆ. ಬೇರಿಂಗ್ ಇಲ್ಲದಿದ್ದರೆ ನಾವು ಹಾಕುವ ಶಕ್ತಿಯಲ್ಲಿ ದೊಡ್ಡ ಪಾಲು ವಾಷರ್ ಉಜ್ಜುವುದಕ್ಕೇ ಹೋಗುತ್ತದೆ. ಆಗ ಬಾರ್‌ಗೆ ಪೈಪ್ ಸಿಕ್ಕಿಸಿ ಇನ್ನೂ ಜಾಸ್ತಿ ತಿರುಗಿಸುತ್ತೇವೆ.

ಹಾಗಾಗಿ ಅಂಗಡಿಯಲ್ಲೇ ಪೆಟ್ಟಿಗೆ ಬಿಚ್ಚಿಸಿ. ನಟ್ಟಿನ ಮುಖದ ಮೇಲೆ 8 ಅಥವಾ 10 ಅಂತ ಗುರುತು ಇದೆಯಾ? ಬೋಲ್ಟ್ ಮಾದರಿಯ ರಾಡ್ ಆದರೆ ತಲೆ ಮೇಲೆ 8.8, 10.9 ಅಂತ ಇರಬೇಕು. ಗುರುತೇ ಇಲ್ಲದ ಬೋಳು ರಾಡ್ ಕಂಡರೆ ಅಲ್ಲೇ ಬಿಟ್ಟು ಬನ್ನಿ. ನಟ್ಟನ್ನು ರಾಡಿನ ಈ ತುದಿಯಿಂದ ಆ ತುದಿಯವರೆಗೆ ಬರೀ ಬೆರಳಿನಲ್ಲಿ ಓಡಿಸಿ. ಮಧ್ಯದಲ್ಲಿ ಎಲ್ಲೋ ಬಿಗಿಯಾಯಿತು ಅಂದರೆ ಅದು ಆಗಲೇ ಹಿಗ್ಗಿದ, ಇಲ್ಲವೇ ಥ್ರೆಡ್ ಕೆಟ್ಟ ರಾಡ್. ಹೊಸ ಬುಷ್ ಜೊತೆಗೇ ಒಯ್ಯಿರಿ. ದೊಡ್ಡ ಕಪ್‌ನೊಳಗೆ ಅದು ಸಡಿಲವಾಗಿ ಇಳಿಯಬೇಕು. ಸಣ್ಣ ಕಪ್ ಬುಷ್‌ನ ಹೊರಗಿನ ಲೋಹದ ಅಂಚಿನ ಮೇಲೆ ಮಾತ್ರ ಕೂರಬೇಕು, ರಬ್ಬರ್ ಮೇಲಲ್ಲ. ಎಲ್ಲಕ್ಕೂ ಹೊಂದುತ್ತದೆ ಅನ್ನುವ ಸೆಟ್‌ಗಳಲ್ಲಿ ನಮಗೆ ಬೇಕಾದ ಕಪ್ಪೇ ಕಳೆದುಹೋಗಿರುತ್ತದೆ, ಅದೊಂದು ಮಾಯೆ. ಎಲ್ಲದರ ಫೋಟೊ ಅಂಗಡಿಯವರ ಎದುರಲ್ಲೇ ತೆಗೆಯಿರಿ. ಕೆಲಸ ಮಾಡುವಾಗ ಟೂಲ್ ಮುರಿದರೆ ಯಾರ ಖರ್ಚು, ಬಾಡಿಗೆ ಯಾವಾಗ ನಿಲ್ಲುತ್ತದೆ ಅಂತ ಚೀಟಿಯಲ್ಲಿ ಬರೆಸಿ. ಬರೆದುಕೊಡಲ್ಲ ಅಂದರೆ ಬೇರೆ ಅಂಗಡಿ ನೋಡಿ.

ಕೊನೆಗೆ ಕೆಲಸ ಮುಗಿದದ್ದು ಲೇತ್‌ನವರಿಂದಲೇ. ಗಟ್ಟಿ ಉಕ್ಕಿನಲ್ಲಿ ರಾಡ್ ಕಡೆದುಕೊಟ್ಟರು, ದಪ್ಪ ಪೈಪಿನಿಂದ ಅಳತೆಗೆ ಸರಿಯಾಗಿ ಕಪ್ ಮಾಡಿಕೊಟ್ಟರು, ಬೇರಿಂಗ್ ನಾನು ತಂದೆ. ಅದೆಲ್ಲ ಈಗ ನನ್ನದೇ. ಎರಡೂ ಬುಷ್ ಗಲಾಟೆ ಮಾಡದೆ ಬಂದವು, ಹೊಸವು ನೇರ ಕೂತವು. ಹಳೆಯದನ್ನು ತೆಗೆಯುವ ಮೊದಲು ರಬ್ಬರ್‌ನಲ್ಲಿರುವ ಖಾಲಿ ಜಾಗ ಯಾವ ದಿಕ್ಕಿಗಿದೆ ಅಂತ ಆಕ್ಸಲ್ ಮೇಲೆ ಪೇಂಟ್ ಗುರುತು ಹಾಕಿ, ಹೊಸದನ್ನು ಅದೇ ದಿಕ್ಕಿಗೆ ಕೂರಿಸಿ. ಕಾರಿನ ಬಾಡಿಯ ಮೇಲೆ ಕೂರುವ ಬ್ರಾಕೆಟ್ ಬಿಚ್ಚಿದರೆ ಅದರ ಸುತ್ತಲೂ ಗುರುತು ಬೇಕು. ಅದು ಸರಿದರೆ ಇಡೀ ಆಕ್ಸಲ್ ಸೊಟ್ಟಗೆ ಕೂರುತ್ತದೆ, ಮುಂದಿನ ಚಕ್ರಗಳ ಅಲೈನ್‌ಮೆಂಟ್ ಎಷ್ಟು ಮಾಡಿಸಿದರೂ ಪ್ರಯೋಜನವಿಲ್ಲ.

ಬುಷ್‌ನ ನಡುವಿನ ಬೋಲ್ಟನ್ನು ಆಕ್ಸಲ್ ನೇತಾಡುವಾಗ ಬಿಗಿ ಮಾಡಬೇಡಿ. ರಬ್ಬರ್ ಒಳಗಿನ ಕೊಳವೆಗೂ ಹೊರಗಿನ ಕವಚಕ್ಕೂ ಅಂಟಿಕೊಂಡಿರುತ್ತದೆ. ನೇತಾಡುವಾಗ ಬಿಗಿ ಮಾಡಿದರೆ ಕಾರು ಕೆಳಗಿಳಿದ ಮೇಲೆ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಕಾರು ಎತ್ತುವ ಮುಂಚೆಯೇ ಚಕ್ರದ ನಡುವಿನಿಂದ ಮಡ್ಗಾರ್ಡ್ ಅಂಚಿನವರೆಗೆ ಎಷ್ಟಿದೆ ಅಂತ ಅಳೆದಿಟ್ಟುಕೊಳ್ಳಿ. ಆಕ್ಸಲ್ ಕೆಳಗೆ ಜಾಕ್ ಕೊಟ್ಟು ಅದೇ ಅಳತೆಗೆ ಎತ್ತಿ, ಆಮೇಲೆ ಬಿಗಿ ಮಾಡಿ. ಹೀಗೆ ಎತ್ತುವಾಗಲೂ ಬಾಡಿ ಗಟ್ಟಿ ಸ್ಟ್ಯಾಂಡ್ ಮೇಲೆ ಇರಲಿ, ಬರೀ ಜಾಕ್ ನಂಬಿ ಕೆಳಗೆ ತೂರಬೇಡಿ.

ಡೆಪಾಸಿಟ್ ಕಥೆ ಇನ್ನೂ ಬಾಕಿ ಇದೆ. ಟೂಲ್ ನಾನೇ ಮುರಿದೆ ಅಂತ ಅಂಗಡಿಯವರು ಪೂರ್ತಿ 6,000 ಹಿಡಿದುಕೊಂಡಿದ್ದಾರೆ, ಮೇಲೆ ಬಾಡಿಗೆಯನ್ನೂ ಕೇಳುತ್ತಿದ್ದಾರೆ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಬಾಡಿಗೆ ಚೀಟಿ, ಹಣ ಕಳಿಸಿದ ದಾಖಲೆ, ತುಂಡಾದ ರಾಡ್ ಮೂರೂ ನನ್ನ ಬಳಿ ಇವೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಇಷ್ಟು ಸಣ್ಣ ಮೊತ್ತದ ದೂರಿಗೆ ಅಲ್ಲಿ ಶುಲ್ಕ ಇಲ್ಲ. ರಾಡಿನ ತುಂಡನ್ನು ವಾಪಸ್ ಕೊಡಿ ಅಂತ ಅಂಗಡಿಯವರು ಎರಡು ಸಲ ಫೋನ್ ಮಾಡಿದರು. ಹಣ ಬಂದ ಮೇಲೆ ಕೊಡುತ್ತೇನೆ ಅಂದಿದ್ದೇನೆ.