ಇಪ್ಪತ್ತು ಸಾವಿರ, ಮೂರು ಹಳೇ ಡಬ್ಬ, ಒಂದು ವ್ಯಾಲೊರಂಟ್

ಅಣ್ಣನ ಮಗ ಪ್ಲಸ್ ಟುವಿಗೆ ಸೇರಿದ ವರ್ಷ ಅಡಿಕೆಗೆ ಒಳ್ಳೆಯ ರೇಟು ಇತ್ತು. ಅವನ ಅದೃಷ್ಟ. ಓದಲಿಕ್ಕೆ ಕಂಪ್ಯೂಟರ್ ಬೇಕು ಅಂದ. ಓದಲಿಕ್ಕೆ ಅಂದರೆ ವ್ಯಾಲೊರಂಟ್ ಮತ್ತು ಜಿಟಿಎ 5 ಅನ್ನುವ ಆಟಗಳಿಗೆ ಅಂತ ನನಗೂ ಗೊತ್ತು, ಅಣ್ಣನಿಗೂ ಗೊತ್ತು. ಅಣ್ಣ 20,000 ರೂಪಾಯಿ ನನ್ನ ಕೈಗಿಟ್ಟು, "ನೀನೇ ನೋಡು ಮಾರಾಯ" ಅಂತ ತೋಟಕ್ಕೆ ಹೋದ. ಮಾನಿಟರ್ ಮನೆಯಲ್ಲೇ ಇತ್ತು. ಬೇಕಾದದ್ದು ಸಿಪಿಯು ಡಬ್ಬ ಮಾತ್ರ.

ಆ ದುಡ್ಡಿಗೆ ಹೊಸತು ತೆಗೆದುಕೊಂಡರೆ ಆಟದ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡಿಗೆ ಏನೂ ಉಳಿಯುವುದಿಲ್ಲ. ಹಾಗಾಗಿ ಸೆಕೆಂಡ್ ಹ್ಯಾಂಡ್. ಎರಡು ವಾರ ಕಾಸರಗೋಡಿನ ಬದಿಯಡ್ಕ ಕಡೆಯ ನಮ್ಮ ಮನೆಯ ಚಾವಡಿಯಲ್ಲಿ ಒಂದೇ ಮೇಜು, ಒಂದೇ 1080ಪಿ ಮಾನಿಟರ್, ಒಂದೇ ಯುಪಿಎಸ್ ಇಟ್ಟು ಮೂರು ಡಬ್ಬಗಳನ್ನು ಓಡಿಸಿ ನೋಡಿದೆವು.

ಒಂದು, ನನ್ನದೇ ಡೆಲ್ ಆಪ್ಟಿಪ್ಲೆಕ್ಸ್ 7010 ಟವರ್. 2012ರ ಕಾಲದ್ದು. ಐ5-3470 ಪ್ರೊಸೆಸರ್, 8 ಜಿಬಿ ಡಿಡಿಆರ್3 ರ‍್ಯಾಮ್, ಒಂದು ಎಸ್‌ಎಸ್‌ಡಿ. ಯಾವುದೋ ಆಫೀಸಿನಿಂದ ಹೊರಬಿದ್ದ ಮಾಲು, 6,500ಕ್ಕೆ ತಂದದ್ದು. ಅದಕ್ಕೆ 4,500ರ ಹಳೇ ಜಿಟಿಎಕ್ಸ್ 1050 ಟಿಐ ಕಾರ್ಡು ಹಾಕಿದ್ದೆ. ಒಟ್ಟು 11,000.

ಎರಡು, ಎಚ್‌ಪಿ ಎಲೀಟ್‌ಡೆಸ್ಕ್ 800 ಜಿ4, ಎಸ್‌ಎಫ್‌ಎಫ್ ಅನ್ನುವ ಸಣ್ಣ ಡಬ್ಬ. 6 ಕೋರಿನ ಐ5-8500, 16 ಜಿಬಿ ಡಿಡಿಆರ್4, 256 ಜಿಬಿ ಎಸ್‌ಎಸ್‌ಡಿ. ಮಂಗಳೂರಿನಲ್ಲಿ 14,000. ಇಷ್ಟವಾಗದಿದ್ದರೆ ಏಳು ದಿನದೊಳಗೆ ವಾಪಸ್ ಕೊಡಬಹುದು ಅಂದಿದ್ದರು.

ಮೂರು, ಪರಿಚಯದವರೊಬ್ಬರು "ವಾರ ಇಟ್ಟು ನೋಡಿ, ಆಮೇಲೆ ದುಡ್ಡು ಕೊಡಿ" ಅಂತ ಕಳಿಸಿದ ಅಸೆಂಬಲ್ಡ್ ಡಬ್ಬ. ಗಾಜಿನ ಬಾಗಿಲು, ಬಣ್ಣ ಬದಲಿಸುವ ನಾಲ್ಕು ಫ್ಯಾನು. ಒಳಗೆ ಐ5-4570, 16 ಜಿಬಿ ರ‍್ಯಾಮ್, 8 ಜಿಬಿಯ ಆರ್‌ಎಕ್ಸ್ 580 ಕಾರ್ಡು. ಕೇಳಿದ ರೇಟು 18,000.

ಹುಡುಗನ ಮನಸ್ಸು ಮೊದಲ ದಿನವೇ ಮೂರನೆಯದಕ್ಕೆ ಹೋಗಿತ್ತು. ದೀಪಾವಳಿ ಅಲ್ವಾ ಅದು! ಜಿಟಿಎ 5ರಲ್ಲಿ ಅದನ್ನು ಸೋಲಿಸಲಿಕ್ಕೆ ಉಳಿದ ಎರಡಕ್ಕೂ ಆಗಲಿಲ್ಲ. ಹೈ ಸೆಟ್ಟಿಂಗಿನಲ್ಲಿ ಸೆಕೆಂಡಿಗೆ 75 ಫ್ರೇಮಿನ ಆಸುಪಾಸು ನಿಂತಿತ್ತು, ಫ್ರೇಮ್ ಜಾಸ್ತಿಯಾದಷ್ಟೂ ಆಟ ನಯ. ನನ್ನ 7010 ನಾರ್ಮಲ್ ಸೆಟ್ಟಿಂಗಿನಲ್ಲೇ 55ಕ್ಕೆ ಏದುಸಿರು ಬಿಡುತ್ತಿತ್ತು. ಪೇಟೆಯೊಳಗೆ ಜೋರಾಗಿ ಕಾರು ಓಡಿಸಿದರೆ ಆಗಾಗ ತಡವರಿಸುತ್ತಿತ್ತು. ಎಚ್‌ಪಿಯಲ್ಲಿ ಆಗ ಕಾರ್ಡೇ ಇರಲಿಲ್ಲ. ಪ್ರೊಸೆಸರಿನೊಳಗಿನ ಗ್ರಾಫಿಕ್ಸಿನಲ್ಲಿ, ಅದೂ 720ಪಿಗೆ ಇಳಿಸಿ, 30 ಫ್ರೇಮ್. ನೋಡಲಿಕ್ಕೆ ಬೇಜಾರು.

ವ್ಯಾಲೊರಂಟ್ ಹಾಕಿದ ಮೇಲೆ ಲೆಕ್ಕ ಸ್ವಲ್ಪ ತಿರುಗಿತು. ಆ ಆಟ ಕಾರ್ಡಿಗಿಂತ ಪ್ರೊಸೆಸರನ್ನು ಜಾಸ್ತಿ ತಿನ್ನುತ್ತದೆ. 580 ಇದ್ದ ದೀಪಾವಳಿ ಡಬ್ಬದಲ್ಲಿ 120 ಬಂತು. ಅದಕ್ಕಿಂತ ಎಷ್ಟೋ ಸಣ್ಣ ಕಾರ್ಡಿನ 7010ರಲ್ಲಿ 100. ದೊಡ್ಡ ಕಾರ್ಡು ಸುಮ್ನೆ ಕೂತು ನಾಲ್ಕು ಕೋರಿನ ಹಳೇ ಪ್ರೊಸೆಸರಿಗೆ ಕಾಯುತ್ತಿತ್ತು.

ಇನ್ನು ಆ 580ರ ಕಥೆ. ಜಿಪಿಯು-ಝಡ್ ಅಂತ ಒಂದು ಪುಕ್ಕಟೆ ಸಾಫ್ಟ್‌ವೇರ್ ಉಂಟು, ಕಾರ್ಡಿನ ಜಾತಕ ತೋರಿಸುತ್ತದೆ. ಸರಿಯಾದ ಆರ್‌ಎಕ್ಸ್ 580ಯಲ್ಲಿ 2304 ಶೇಡರ್ (ಚಿತ್ರ ಬಿಡಿಸುವ ಸಣ್ಣ ಸಣ್ಣ ಘಟಕ) ಇರಬೇಕು. ಇದರಲ್ಲಿ ಇದ್ದದ್ದು 2048. ಅಂದರೆ ಹೆಸರು 580, ಒಳಗೆ ಹೆಚ್ಚುಕಡಿಮೆ 570. ಇದು ನಕಲಿ ಅಲ್ಲ, 2048ಎಸ್‌ಪಿ ಅಂತಲೇ ಕಂಪನಿಯಿಂದ ಬಂದ ಮಾದರಿ. ಆದರೆ ಮಾರುವವರು ಆ ಬಾಲವನ್ನು ಹೇಳುವುದಿಲ್ಲ. ಈ ಕಾರ್ಡುಗಳಲ್ಲಿ ಎಷ್ಟೋ ಕ್ರಿಪ್ಟೋ ದುಡ್ಡು ಗಳಿಸುವ ಮೈನಿಂಗಿನಲ್ಲಿ ಹಗಲುರಾತ್ರಿ ಉರಿದವು. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ಅನ್ನುವ ಕ್ರಿಪ್ಟೋದ ಮೈನಿಂಗ್ ನಿಂತ ಮೇಲೆ ರಾಶಿ ರಾಶಿ ಮಾರುಕಟ್ಟೆಗೆ ಬಂದವು. ನಮ್ಮ ಕೈಗೆ ಬಂದದ್ದು ಅಂಥದ್ದೇ ಅಂತ ಹೇಳಲಾರೆ. ಆದರೆ ಕಾರ್ಡಿನ ಸ್ಕ್ರೂಗಳೆಲ್ಲ ತುಕ್ಕು ಹಿಡಿದಿದ್ದವು. ನಮ್ಮ ಕರಾವಳಿಯ ಹವೆಗೆ ಅದು ದೊಡ್ಡ ವಿಷಯ ಅಲ್ಲ ಅನ್ನಿ.

ನಾನು ಹೆದರಿದ್ದು ಕಾರ್ಡಿಗಲ್ಲ, ಡಬ್ಬಕ್ಕೆ ಕರೆಂಟು ಕೊಡುವ ಎಸ್‌ಎಂಪಿಎಸ್‌ಗೆ. ಮೇಲೆ ದೊಡ್ಡ ಅಕ್ಷರದಲ್ಲಿ 450 ವ್ಯಾಟ್ ಅಂತ ಇತ್ತು. ಪಕ್ಕದ ಚೀಟಿ ಓದಿದರೆ 12 ವೋಲ್ಟಿಗೆ 16 ಆಂಪಿಯರ್. 12 ಗುಣಿಸು 16, 192 ವ್ಯಾಟ್. ಪ್ರೊಸೆಸರ್ ಮತ್ತು ಕಾರ್ಡು ಎರಡೂ ಕುಡಿಯುವುದು ಆ 12 ವೋಲ್ಟಿನಿಂದಲೇ. ಆರ್‌ಎಕ್ಸ್ 580ಯ ಅಳತೆಯೇ 185 ವ್ಯಾಟ್. ಇದರದ್ದು ಸ್ವಲ್ಪ ಕಡಿಮೆ ಅಂತ ಹಿಡಿದರೂ ಪ್ರೊಸೆಸರಿಗೆ ಉಳಿಯುವುದು ಎಷ್ಟು? ನೀವು ಬೇರೇನೂ ನೋಡದಿದ್ದರೂ ಈ ಚೀಟಿ ಒಂದನ್ನು ಓದಿ. 450, 500 ಅನ್ನುವುದು ಸುಮ್ನೆ ಬಣ್ಣ.

ಐದನೇ ದಿನ ಸಂಜೆ ಅಣ್ಣ ತೋಟದ ಪಂಪ್ ಹಾಕಿದ. ಪಂಪ್ ಹಾಕಿದರೆ ನಮ್ಮಲ್ಲಿ ಟ್ಯೂಬ್‌ಲೈಟ್ ಒಮ್ಮೆ ಕಣ್ಣು ಮುಚ್ಚಿ ತೆಗೆಯುತ್ತದೆ. ಯುಪಿಎಸ್ ಕಿರುಚಿತು, ದೀಪಾವಳಿ ಆರಿತು. ನಮ್ಮದು 600 ವಿಎ ಯುಪಿಎಸ್. ಅಂದರೆ 360 ವ್ಯಾಟ್, ಅದೂ ಬ್ಯಾಟರಿ ಹೊಸತಿದ್ದರೆ. ಹುಡುಗ ಮತ್ತೆ ಆನ್ ಮಾಡಿದ, ಹತ್ತು ನಿಮಿಷಕ್ಕೆ ಮತ್ತೆ ಆಫ್. ಮೂರನೇ ಸಲಕ್ಕೆ ಸುಟ್ಟ ವಾಸನೆ ಬಂತು.

"ಅಪ್ಪಚ್ಚಿ, ಇದಕ್ಕೆ ಎಂತಾತು?" ಅಂದ ಹುಡುಗ, ಅಳುವ ಮುಖ ಮಾಡಿ.

ಕೊಟ್ಟವರಿಗೆ ಫೋನ್ ಮಾಡಿದರೆ "ಸಿಡಿಲು ಬಡಿದಿರಬೇಕು" ಅಂದರು. ಆಕಾಶದಲ್ಲಿ ಒಂದು ತುಂಡು ಮೋಡ ಇರಲಿಲ್ಲ. ಪುಣ್ಯಕ್ಕೆ ದುಡ್ಡು ಕೊಟ್ಟಿರಲಿಲ್ಲ.

ಆಟಿಯ ಮಳೆಗಾಲದಲ್ಲಿ ಕರೆಂಟು ಗಂಟೆಗೆ ಎರಡು ಸಲ ಹೋಗಿ ಬರುವ ನಮ್ಮಂಥ ಕಡೆ ಕಡಿಮೆ ಕುಡಿಯುವ ಡಬ್ಬಕ್ಕೆ ಬೆಲೆ ಜಾಸ್ತಿ ಅಂತ ನನಗೆ ಅರ್ಥವಾದದ್ದು ಆಗ. 7010 ಇದರಲ್ಲಿ ಜಾಣ. 1050 ಟಿಐಗೆ ಬೇಕಾದದ್ದು 75 ವ್ಯಾಟ್. ಅಷ್ಟನ್ನು ಮದರ್‌ಬೋರ್ಡಿನ ಸ್ಲಾಟೇ ಕೊಡುತ್ತದೆ, ಬೇರೆ ವಯರು ಬೇಡ. ಡೆಲ್‌ನ 275 ವ್ಯಾಟ್ ಎಸ್‌ಎಂಪಿಎಸ್ ಆರಾಮವಾಗಿ ಎಳೆಯಿತು. ಅದು ಹೋದರೂ ಅಂಗಡಿಯ ಮಾಮೂಲಿ 24 ಪಿನ್ನಿನದ್ದು ಹಾಕಬಹುದು. ಮುಂದಿನ ಮಾಡೆಲ್ 9020ಯಿಂದ ಡೆಲ್ ತನ್ನದೇ 8 ಪಿನ್ ತಂದಿತು, ಎಚ್‌ಪಿಯದ್ದೂ ಬೇರೆಯೇ. ಅವು ಕೆಟ್ಟರೆ ಅದೇ ಕಂಪನಿಯದ್ದನ್ನು ಹುಡುಕಬೇಕು.

ಹಾಗಾದರೆ 7010 ಸಾಕಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ತೊಂದರೆ ವಯಸ್ಸಿನದ್ದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನ 8ನೇ ಜನರೇಷನ್ನಿನ ಪ್ರೊಸೆಸರ್ ಬೇಕು, 7010ರದ್ದು 3ನೆಯದು. ಅಡ್ಡದಾರಿಯಲ್ಲಿ ಹಾಕಬಹುದು, ಹಾಕಿದವರೂ ಇದ್ದಾರೆ. ಆದರೆ ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಓಡಲು ಹೊಸ ಕಂಪ್ಯೂಟರುಗಳಲ್ಲಿ ಬರುವ ಭದ್ರತಾ ಚಿಪ್ಪು ಟಿಪಿಎಂ 2.0 ಮತ್ತು ಶುರುವಾಗುವಾಗ ನಂಬಿಕಸ್ಥ ಸಾಫ್ಟ್‌ವೇರನ್ನಷ್ಟೇ ಬಿಡುವ ಸೆಕ್ಯೂರ್ ಬೂಟ್ ಎರಡೂ ಕೇಳುತ್ತದೆ. ಲಿನಕ್ಸ್ ಹಾಕೋಣ ಅಂದರೆ ಆ ಆಟ ಅಲ್ಲಿ ಬರುವುದೇ ಇಲ್ಲ. ಮೇಲಿಂದ 3470ಯಲ್ಲಿ ಎವಿಎಕ್ಸ್2 ಅನ್ನುವ ವೇಗದ ಲೆಕ್ಕದ ಸೌಲಭ್ಯ ಇಲ್ಲ, ಅದು ಬಂದದ್ದು 4ನೇ ಜನರೇಷನ್ನಿನಿಂದ. ಕೆಲವು ಹೊಸ ಆಟಗಳು ಅದಿಲ್ಲದೆ ತೆರೆಯುವುದೇ ಇಲ್ಲ.

ಉಳಿದದ್ದು ಎಚ್‌ಪಿ. ಅದಕ್ಕಾಗಿ ನಾನು ಮಂಗಳೂರಿಗೆ ಎರಡು ಸಲ ಹೋದೆ. ಮೊದಲು ಮಡಿಲಲ್ಲಿ ಇಟ್ಟುಕೊಂಡು ತಲಪಾಡಿ ಗಡಿ ದಾಟಿಸಿ ತಂದದ್ದರಲ್ಲಿ ಬಯೋಸ್‌ಗೆ, ಅಂದರೆ ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗಿಗೆ, ಪಾಸ್‌ವರ್ಡ್! ಹಿಂದಿನ ಆಫೀಸಿನವರು ಹಾಕಿದ್ದು, ಅಂಗಡಿಯವರಿಗೂ ಗೊತ್ತಿಲ್ಲ. ಸೆಕ್ಯೂರ್ ಬೂಟ್ ಆನ್ ಮಾಡಲಿಕ್ಕೂ ಆಗದು. ಮರುದಿನ ಬಸ್ಸಿನಲ್ಲಿ ಅದೇ ಡಬ್ಬ, ಅದೇ ಮಡಿಲು. ಜಗಳವಿಲ್ಲದೆ ಬದಲಿಸಿ ಕೊಟ್ಟರು. ಅಂಗಡಿಯಲ್ಲೇ ಎಫ್10 ಒತ್ತಿ ಬಯೋಸ್ ನೋಡಿದ್ದರೆ ಒಂದು ದಿನ ಉಳಿಯುತ್ತಿತ್ತು. ಬದಲಿಸಿ ಕೊಟ್ಟದ್ದರಲ್ಲಿ ಹಳೇ ವಿಂಡೋಸ್ ಲೈಸೆನ್ಸ್ ಬಯೋಸ್‌ನಲ್ಲೇ ಇತ್ತು. 11 ಹಾಕಿದ ಕೂಡಲೇ ತಾನಾಗಿ ಆಕ್ಟಿವೇಟ್ ಆಯಿತು.

ಕಾರ್ಡಿನ ವಿಷಯದಲ್ಲಿ ಈ ಸಣ್ಣ ಡಬ್ಬ ದುಬಾರಿ. ನನ್ನ 1050 ಟಿಐ ಇದರೊಳಗೆ ಹಿಡಿಯುವುದೇ ಇಲ್ಲ, ಎತ್ತರ ಜಾಸ್ತಿ. ಲೋ ಪ್ರೊಫೈಲ್ ಅನ್ನುವ ಗಿಡ್ಡ ಕಾರ್ಡೇ ಬೇಕು. ಗಿಡ್ಡ ಅಂದ ಮೇಲೆ ಬೇಡಿಕೆ ಜಾಸ್ತಿ, ರೇಟೂ ಜಾಸ್ತಿ. ಆರ್‌ಎಕ್ಸ್ 6400 ಸಿಕ್ಕಿತ್ತು, 53 ವ್ಯಾಟ್ ಸಾಕು. ಆದರೆ ಅದಕ್ಕೆ ಬೋರ್ಡಿನ ಜೊತೆ ಮಾತಾಡುವ ದಾರಿ, ಪಿಸಿಐ ಲೇನು, ನಾಲ್ಕೇ. ಈ ಎಚ್‌ಪಿಯಷ್ಟು ಹಳೇ ಬೋರ್ಡಿನಲ್ಲಿ ಹಾಕಿದರೆ ಅದರ ಜೋರು ಸ್ವಲ್ಪ ಇಳಿಯುತ್ತದೆ. ಬೇಡ ಅಂದೆ. ಕೊನೆಗೆ ಗಿಡ್ಡ ಜಿಟಿಎಕ್ಸ್ 1650, 4 ಜಿಬಿ, ಸೆಕೆಂಡ್ ಹ್ಯಾಂಡ್ 7,500. ಇದಕ್ಕೂ 75 ವ್ಯಾಟೇ, ವಯರಿಲ್ಲ.

ಒಟ್ಟು 21,500. ಮೇಲಿನ 1,500 ನನ್ನ ಕಿಸೆಯಿಂದ. ಅಣ್ಣನಿಗೆ ಹೇಳಿಲ್ಲ.

ಜಿಟಿಎ 5 ಹೈ ಸೆಟ್ಟಿಂಗಿನಲ್ಲಿ 65. ದೀಪಾವಳಿಗಿಂತ ಹತ್ತು ಕಡಿಮೆ, ಆದರೆ ತಡವರಿಸುವುದಿಲ್ಲ. ವ್ಯಾಲೊರಂಟ್ 170. ಪಂಪ್ ಹಾಕಿದರೂ ಯುಪಿಎಸ್‌ಗೆ ಗೊತ್ತೇ ಆಗಲಿಲ್ಲ. ಒಂದೇ ದೂರು, ಸದ್ದು. ಅರ್ಧ ಗಂಟೆ ಆಡಿದರೆ ಸಣ್ಣ ಫ್ಯಾನುಗಳು ಮಿಕ್ಸಿಯ ಹಾಗೆ ಕೂಗುತ್ತವೆ. ಅತ್ತಿಗೆಗೆ ಇದರಿಂದ ಅನುಕೂಲವೇ ಆಯಿತು. ಓದುತ್ತಿದ್ದಾನೋ ಆಡುತ್ತಿದ್ದಾನೋ ಅಂತ ಅಡುಗೆಮನೆಯಿಂದಲೇ ತಿಳಿಯುತ್ತದೆ.

ಇದೇ 8ನೇ ಜನರೇಷನ್ನಿನ ಟವರ್ ಡಬ್ಬ 15,000ದೊಳಗೆ ಸಿಕ್ಕಿದ್ದರೆ ಕಣ್ಣು ಮುಚ್ಚಿ ಅದನ್ನೇ ತರುತ್ತಿದ್ದೆ. ಮಾಮೂಲಿ ಎತ್ತರದ 1650 ಒಂದೆರಡು ಸಾವಿರ ಕಡಿಮೆಗೆ ಸಿಗುತ್ತದೆ, ಸದ್ದೂ ಕಡಿಮೆ. ಎರಡು ವಾರ ಹುಡುಕಿದೆ, ಸಿಗಲಿಲ್ಲ. ಆಫೀಸುಗಳಿಂದ ಬರುವುದೆಲ್ಲ ಸಣ್ಣ ಡಬ್ಬವೇ. 11,000ಕ್ಕಿಂತ ಜಾಸ್ತಿ ಆಗುವುದೇ ಇಲ್ಲ, ಜಿಟಿಎ ಮತ್ತು ಹಳೇ ಆಟ ಸಾಕು ಅನ್ನುವವರು 7010 ನೋಡಬಹುದು. ವ್ಯಾಲೊರಂಟ್‌ಗಾಗಿ ಅದನ್ನು ಈಗ ತೆಗೆದುಕೊಳ್ಳಬೇಡಿ.

ನನ್ನದು ಮತ್ತೆ ನನ್ನ ಮೇಜಿಗೆ ಬಂದಿದೆ, ಅಡಿಕೆ ಲೆಕ್ಕ ಬರೆಯಲಿಕ್ಕೆ. ಮೊನ್ನೆ ಧೂಳು ಹೊಡೆಯಲು ಬಿಚ್ಚಿದರೆ ಕಾರ್ಡಿನ ಹಿಂದೆ ಒಂದು ಹಲ್ಲಿ ಬೆಚ್ಚಗೆ ಮಲಗಿತ್ತು.