ಗುಳ್ಳ, ಮುಳ್ಳುಸೌತೆ, ರಸಬಾಳೆ: ನಮ್ಮ ಹಿತ್ತಲಲ್ಲಿ ಉಳಿದದ್ದು ಯಾವುದು?

ಮೂರು ವರ್ಷದ ಹಿಂದೆ ಶಿವಮೊಗ್ಗದ ನಮ್ಮ ಹಿತ್ತಲಲ್ಲಿ ಮೂರು ಅಪರೂಪದ ತಳಿ ಹಾಕಿದೆ. ಕಟಪಾಡಿಯ ನೆಂಟರು ಕೊಟ್ಟ ಮಟ್ಟುಗುಳ್ಳ ಅನ್ನೋ ಗುಂಡು ಬದನೆಯ ಬೀಜ, ಅಮ್ಮನ ತವರಿನ ಮುಳ್ಳುಸೌತೆ, ನಂಜನಗೂಡು ರಸಬಾಳೆಯ ಒಂದು ಕಂದು (ಬುಡದಲ್ಲಿ ಏಳುವ ಮರಿ). ತಿನ್ನೋದಕ್ಕಿಂತ ಹೆಚ್ಚಾಗಿ ತಳಿ ಉಳಿಸುವ ಆಸೆ. ಹಾಗಾಗಿ ಮೂರನ್ನೂ ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಿದೆ: ಇನ್ನೊಬ್ಬರ ಕೈಗೆ ಕೊಡುವಾಗ "ಇದು ಅದೇ" ಅಂತ ಧೈರ್ಯವಾಗಿ ಹೇಳಬಹುದಾ?

ಬದನೆ ಸುಲಭ ಅಂದುಕೊಂಡಿದ್ದೆ. ಬದನೆ ಹೂವು ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಯಿ ಕಚ್ಚುತ್ತದೆ. ಆದರೆ ಮೊದಲ ವರ್ಷ ಪಕ್ಕದ ಕುಂಡದಲ್ಲೇ ನೇರಳೆ ಬದನೆ ಇತ್ತು. ಆ ಗುಳ್ಳದ ಬೀಜದಿಂದ ಮರುವರ್ಷ ಆರು ಗಿಡ ಎಬ್ಬಿಸಿದರೆ ಎರಡರ ಕಾಂಡಕ್ಕೆ ನೇರಳೆ ಛಾಯೆ. ಕಾಯಿ ಗುಂಡಗಿಲ್ಲ, ಉದ್ದ. ಗುಳ್ಳಕ್ಕೆ ಇರಬೇಕಾದ ತಿಳಿಹಸಿರು ಬಣ್ಣ, ಬಿಳಿ ಗೆರೆ ಎರಡೂ ಇಲ್ಲ. ತುಂಬಾ ಬೇಜಾರಾಯಿತು. ಜೇನು, ದುಂಬಿ ತಮ್ಮ ಕೆಲಸ ಮಾಡಿದ್ದವು. ಪುಣ್ಯಕ್ಕೆ ನೆಂಟರು ಕೊಟ್ಟ ಬೀಜ ಶೀಶೆಯಲ್ಲಿ ಒಂದಿಷ್ಟು ಉಳಿದಿತ್ತು.

ಆಮೇಲೆ ಮಲ್ ಬಟ್ಟೆಯ ಪುಟ್ಟ ಚೀಲ ಹೊಲಿದೆ. ಮೊಗ್ಗು ಬಿರಿಯುವ ಹಿಂದಿನ ಸಂಜೆ ಅದಕ್ಕೆ ಚೀಲ ತೊಡಿಸಿ ಸಡಿಲವಾಗಿ ಕಟ್ಟೋದು. ಬದನೆಯ ಪರಾಗ ಕೇಸರದ ತುದಿಯ ಸಣ್ಣ ತೂತಿನಿಂದ ಉದುರುತ್ತದೆ, ಅದಕ್ಕೆ ಅಲುಗಾಟ ಬೇಕು. ಚೀಲದೊಳಗೆ ದುಂಬಿ ಬರೋದಿಲ್ಲವಲ್ಲ, ಬೆಳಗ್ಗೆ ನಾನೇ ತೊಟ್ಟನ್ನು ಬೆರಳಲ್ಲಿ ಮೆಲ್ಲಗೆ ತಟ್ಟುತ್ತಿದ್ದೆ. ಕಾಯಿ ಕಚ್ಚಿದ ಮೇಲೆ ಚೀಲ ತೆಗೆದು ಕೆಂಪು ದಾರ ಕಟ್ಟಿ ಗುರುತು. ಆ ಕಾಯಿ ಅಡುಗೆಗಲ್ಲ. ಗಿಡದಲ್ಲೇ ಹಳದಿಯಾಗಿ ಸಿಪ್ಪೆ ಗಟ್ಟಿಯಾಗುವವರೆಗೆ ಬಿಡಬೇಕು. ಕೊಯ್ದು ನೀರಲ್ಲಿ ಹಿಸುಕಿದರೆ ಗಟ್ಟಿ ಬೀಜ ತಳಕ್ಕೆ, ಜೊಳ್ಳು ಮೇಲಕ್ಕೆ. ನೆರಳಲ್ಲಿ ಒಣಗಿಸಿ ಬೂದಿ ಬೆರೆಸಿ ಶೀಶೆಗೆ ತುಂಬಿದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮಟ್ಟುಗುಳ್ಳಕ್ಕೆ 2011ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಸಿಕ್ಕಿದೆ. ಆ ಹೆಸರು ಉಡುಪಿ ಬಳಿಯ ಮಟ್ಟು ಊರಿನ ಕಡಲ ಬದಿಯ ಮಣ್ಣಿಗೆ, ಅಲ್ಲಿನ ರೈತರಿಗೆ ಸೇರಿದ್ದು. ನಮ್ಮ ಮಣ್ಣಿನ ಕಾಯಿಗೆ ಅದೇ ರುಚಿ ಬರಲಿಲ್ಲ. ನಾನು ಕಾಯ್ದಿಟ್ಟಿರೋದು ಬೀಜ ಮಾತ್ರ. ಕಾಯನ್ನು ಆ ಹೆಸರಲ್ಲಿ ಮಾರೋದು ತಪ್ಪು.

ಮುಳ್ಳುಸೌತೆಗೆ ಕೆಲಸ ಜಾಸ್ತಿ. ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ, ಜೇನು ಬೀದಿಯೆಲ್ಲ ಸುತ್ತಿ ಬರುತ್ತದೆ. ಪಕ್ಕದ ಮನೆಯಲ್ಲಿ ಅಂಗಡಿಯ ಹೈಬ್ರಿಡ್ ಸೌತೆ ಇದ್ದರೆ ಮುಗೀತು. ಸಂಜೆ ಎರಡೂ ಮೊಗ್ಗಿನ ತುದಿಗೆ ದಾರ ಕಟ್ಟಿ, ಬೆಳಗ್ಗೆ ಗಂಡು ಹೂವಿನ ಎಸಳು ಬಿಡಿಸಿ ಹೆಣ್ಣು ಹೂವಿಗೆ ಸವರಿ, ಮತ್ತೆ ದಾರ ಕಟ್ಟಬೇಕು. ಮಳೆಗಾಲದಲ್ಲಿ ಹತ್ತು ಹೂವಿಗೆ ಮಾಡಿದರೆ ನನಗೆ ದಕ್ಕಿದ್ದು ಮೂರು ಕಾಯಿ. ಆದರೆ ಒಂದೇ ಹಣ್ಣು ಸೌತೆಯಲ್ಲಿ ನಾಲ್ಕೈದು ಮನೆಗೆ ಹಂಚುವಷ್ಟು ಬೀಜ! ಆ ಸೌತೆಯ ತೆಳ್ಳೇವು (ತೆಳು ದೋಸೆ) ತಿಂದವರು ಬೀಜ ಕೇಳದೆ ಹೋಗಲಿಲ್ಲ.

ರಸಬಾಳೆಯಲ್ಲಿ ತಳಿ ಬೆರಕೆಯ ಭಯವೇ ಇಲ್ಲ. ಕಂದು ಅಂದರೆ ತಾಯಿಯ ತದ್ರೂಪು. ಈ ಲೆಕ್ಕದಲ್ಲಿ ಅದೇ ಮೊದಲು ಬರಬೇಕಿತ್ತು. ಆದರೆ ಎರಡನೇ ವರ್ಷ ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾಗಿ ಬುಡದಲ್ಲಿ ಮುರಿದು ಜೋತುಬಿದ್ದವು. ದಿಂಡು ಬುಡದಲ್ಲಿ ಸೀಳಿತು. ಕತ್ತಿಯಿಂದ ಅಡ್ಡ ಕೊಯ್ದು ನೋಡಿದರೆ ಬೆಳ್ಳಗಿರಬೇಕಾದ ಜಾಗದಲ್ಲಿ ಕೆಂಗಂದು ಚುಕ್ಕೆಗಳು, ಉಂಗುರದ ಹಾಗೆ. ಶಿಲೀಂಧ್ರದಿಂದ ಬರುವ ಪನಾಮ ಸೊರಗು ರೋಗ. ನಂಜನಗೂಡಿನ ತೋಟಗಳಲ್ಲೇ ರಸಬಾಳೆಯನ್ನು ಅಪರೂಪ ಮಾಡಿದ್ದು ಇದೇ ಶಿಲೀಂಧ್ರ. ಕಂದಿನ ಜೊತೆಗೇ ಬರುತ್ತದೆ, ಮಣ್ಣಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಪಕ್ಕದಲ್ಲಿ ಎದ್ದಿದ್ದ ಎರಡು ಮರಿ ನೋಡೋಕೆ ಚೆನ್ನಾಗೇ ಇದ್ದವು. ಆದರೂ ಯಾರಿಗೂ ಕೊಡಲಿಲ್ಲ, ಕಿತ್ತು ಸುಟ್ಟೆ. ಕೊಟ್ಟಿದ್ದರೆ ಇನ್ನೊಬ್ಬರ ಹಿತ್ತಲೂ ಹಾಳಾಗುತ್ತಿತ್ತು ಅಲ್ವಾ? ಮತ್ತೆ ಹಾಕೋದಾದರೆ ರೋಗವಿಲ್ಲದ ಅಂಗಾಂಶ ಕೃಷಿಯ (ಟಿಶ್ಯೂ ಕಲ್ಚರ್) ಸಸಿಯೇ ಬೇಕು, ಬಾಳೆ ಬೆಳೆಯದ ಹೊಸ ಜಾಗವೇ ಬೇಕು. ನನ್ನ ಹತ್ತಿರ ಅಂಥ ಜಾಗ ಇಲ್ಲ.

ಜಾಗ ಕಡಿಮೆ ಇರುವವರಿಗೆ ನಾನು ಹೇಳೋದು ಬದನೆ. ಒಂದೇ ತಳಿ ಇಡಿ, ಆರು ಗಿಡ ಸಾಕು, ತಾರಸಿಯಲ್ಲೂ ಆಗುತ್ತದೆ. ಬೆಳಗ್ಗೆ ಅರ್ಧ ಗಂಟೆ ಬಿಡುವಿದ್ದರೆ ಸೌತೆಯನ್ನೂ ಸೇರಿಸಿ. ಸುತ್ತಮುತ್ತಲಿನ ಹಿತ್ತಲುಗಳಲ್ಲಿ ಯಾವ ಸೌತೆ ಇದೆ ಅಂತ ಮೊದಲು ಕೇಳಿಕೊಳ್ಳಿ. ಬೀಜ ಎಲ್ಲಿ ಸಿಗುತ್ತೆ ಅನ್ನುವವರು ದೇಸಿ ಬೀಜ ಉಳಿಸುವ ಸಹಜ ಸಮೃದ್ಧ ಸಂಸ್ಥೆಯ ಬೀಜ ಮೇಳಕ್ಕೋ, ಶಿರಸಿಯ ವನಸ್ತ್ರೀ ಬಳಗದ ಮಲೆನಾಡು ಮೇಳಕ್ಕೋ ಒಮ್ಮೆ ಹೋಗಿ ಬನ್ನಿ. ಮಲೆನಾಡಿನ ಹೆಂಗಸರು ಹಿತ್ತಲಲ್ಲೇ ಕಾಪಾಡಿದ ಬೀಜ ಅಲ್ಲಿ ನೋಡಲು ಸಿಗುತ್ತದೆ.

ಈಗ ಗುಳ್ಳದ ಬೀಜ ತೀರ್ಥಹಳ್ಳಿಯ ಅಕ್ಕನ ಮನೆಯಲ್ಲೂ ಇದೆ, ಸೌತೆ ಬೀಜ ನಮ್ಮ ಬೀದಿಯ ಎರಡು ಮನೆಯಲ್ಲಿದೆ. ಈ ಮಳೆಗೆ ನನ್ನ ಬಳ್ಳಿ ಕೊಳೆತರೆ ಅವರ ಬಾಗಿಲು ತಟ್ಟುತ್ತೇನೆ.