ಸ್ಟ್ರಾಪ್ ಲಾಕ್ ಗಟ್ಟಿ, ನಟ್ ಮಾತ್ರ ತಲೆನೋವು

ಗಣೇಶನ ಹಬ್ಬದ ಆರ್ಕೆಸ್ಟ್ರಾ ಸೀಸನ್ನಿಗೆ ಮುಂಚೆ ಹಾಕಿದ ಸ್ಟ್ರಾಪ್ ಲಾಕ್, ಅಂದರೆ ಹೆಗಲ ಪಟ್ಟಿ ಗಿಟಾರಿನಿಂದ ಕಳಚದಂತೆ ಹಿಡಿಯುವ ಕೊಂಡಿ, ಇನ್ನೂ ನನ್ನ ಗಿಟಾರಿನಲ್ಲೇ ಇದೆ. ಹೆಸರಿಲ್ಲದ ಅಗ್ಗದ ಸೆಟ್ಟು. ಶಾಲರ್ ಕಂಪನಿಯ ಲಾಕಿನ ಆಕಾರವೇ: ಸ್ಟ್ರಾಪಿಗೆ ಕೂರುವ ಕುದುರೆ ಲಾಳದಂಥ ತುಂಡು ಗಿಟಾರಿಗೆ ಸ್ಕ್ರೂ ಹಾಕಿ ಕೂರಿಸಿದ ಗುಂಡಿಯನ್ನು ತಬ್ಬಿಕೊಳ್ಳುತ್ತದೆ, ಸ್ಪ್ರಿಂಗ್ ಪಿನ್ ಅದನ್ನು ಹಿಡಿದಿಡುತ್ತದೆ. ಲಾಳದ ಬಾಯಿ ಮೇಲಕ್ಕಿದ್ದರೆ ಪಿನ್ ಕೈಕೊಟ್ಟರೂ ಗಿಟಾರ್ ನೇತಾಡಿಕೊಂಡೇ ಇರುತ್ತದೆ. ಡನ್‌ಲಾಪ್ ಕಂಪನಿಯದು ಬೇರೆ ಥರ. ಅದರ ಪಿನ್ನು ಗುಂಡಿಯ ನಡುವಿನ ತೂತಿಗೆ ಹೋಗುತ್ತದೆ, ತುದಿಯ ಬಟನ್ ಒತ್ತಿದರೆ ಬಿಡುತ್ತದೆ. ನನಗೆ ಲಾಳವೇ ಧೈರ್ಯ.

ಹಾಕುವುದು ಸುಲಭ, ಹಳೆ ತೂತು ಒಪ್ಪಿದರೆ. ನನ್ನ ಸೆಟ್ಟಿನ ಸ್ಕ್ರೂ ಹಳೆಯದಕ್ಕಿಂತ ಸಣ್ಣ, ಸುಮ್ನೆ ಗಿರಗಿರ ತಿರುಗುತ್ತಿತ್ತು. ಫೆವಿಕಾಲ್ ಹಚ್ಚಿದ ಟೂತ್‌ಪಿಕ್ ತುಂಬಿ, ಒಂದು ರಾತ್ರಿ ಒಣಗಲು ಬಿಟ್ಟು, ಮೇಲೆ ಉಳಿದದ್ದನ್ನು ಬ್ಲೇಡಿನಿಂದ ಕತ್ತರಿಸಿದೆ. ಸ್ಕ್ರೂಗೆ ಸ್ವಲ್ಪ ಮೇಣ ಸವರಿದರೆ ಮರ ಸೀಳದೆ ಒಳಗಿಳಿಯುತ್ತದೆ. ಹಳೆ ಗುಂಡಿಯ ಕೆಳಗಿದ್ದ ಫೆಲ್ಟ್ ವಾಷರ್ ಎಸೆಯಬೇಡಿ. ಪೇಂಟ್ ಕಾಪಾಡುವುದು ಅದೇ.

ಇನ್ನು ಬೈಗುಳ. ಲಾಳವನ್ನು ಸ್ಟ್ರಾಪಿಗೆ ಬಿಗಿದಿಡುವ ನಟ್ ತಾನಾಗಿ ಸಡಿಲವಾಗುತ್ತದೆ. ಪ್ರತಿ ಹೆಜ್ಜೆಗೂ ಸ್ಟ್ರಾಪ್ ತಿರುಚುತ್ತದೆ, ನಟ್ಟೂ ಒಂದಿಷ್ಟು ಬಿಚ್ಚಿಕೊಳ್ಳುತ್ತದೆ. ದಪ್ಪ ಚರ್ಮದ ಸ್ಟ್ರಾಪಾದರೆ ಇನ್ನೂ ಕಷ್ಟ, ನಟ್ಟಿಗೆ ಸಿಗುವುದೇ ಎರಡು ಸುತ್ತು. ಗುಂಡಿಯಿಂದ ಸ್ಟ್ರಾಪ್ ಜಾರಬಾರದು ಅಂತ ದುಡ್ಡು ಕೊಟ್ಟು, ಈಗ ನಟ್ ಬೀಳುತ್ತಾ ಅಂತ ನೋಡುತ್ತಾ ಕೂರುವುದು ಯಾವ ನ್ಯಾಯ? ಶಾಲರ್‌ನವರ ಎಸ್-ಲಾಕಿನಲ್ಲಿ ಇದಕ್ಕೆಂದೇ ಒಂದು ಪುಟ್ಟ ಸ್ಕ್ರೂ ಇದೆ, ನಟ್ಟಿನ ಜಾಗದಲ್ಲಿರುವ ಚಕ್ರ ಬಿಗಿದ ಮೇಲೆ ಕದಲುವುದಿಲ್ಲ. ಅದರ ಬೆಲೆ ಆಗ ನನಗೆ ಜಾಸ್ತಿ ಅನಿಸಿತ್ತು.

ಕೊನೆಗೆ ಕೆಲಸಕ್ಕೆ ಬಂದದ್ದು ಅಕ್ಕನ ನೇಲ್ ಪಾಲಿಷ್. ನಟ್ಟಿನ ಥ್ರೆಡ್ಡಿಗೆ ಒಂದು ತೊಟ್ಟು ಹಚ್ಚಿ ಬಿಗಿ ಮಾಡಿದ ಮೇಲೆ ನಟ್ ತೆಪ್ಪಗಿದೆ. ಲೋಹಕ್ಕೆ ಲೋಹ ಉಜ್ಜಿ ಕಿರ್ರೆನ್ನುತ್ತಿತ್ತು, ಚೂರು ವ್ಯಾಸಲೀನಿಗೆ ಅದೂ ನಿಂತಿತು.

ಅಲ್ಲಿಂದ ಸಿಟ್ಟು ಇಳಿಯಿತು. ಏಕೆಂದರೆ ನಿಜವಾದ ಸುಖ ಬೇರೆಯದೇ: ಪ್ರೋಗ್ರಾಂ ಮುಗಿದ ಮೇಲೆ ಎರಡು ಪಿನ್ ಎಳೆದರೆ ಸ್ಟ್ರಾಪ್ ಕೈಗೆ ಬರುತ್ತದೆ. ಮಡಚಿ ಬ್ಯಾಗಿನ ಜೇಬಿಗೆ ಹಾಕುತ್ತೇನೆ, ಗಿಟಾರ್ ಬ್ಯಾಗಿನೊಳಗೆ ನೆಟ್ಟಗೆ ಕೂರುತ್ತದೆ. ಮೊದಲು ಬಿಗಿ ಚರ್ಮವನ್ನು ಗುಂಡಿಯಿಂದ ಕೀಳುವಷ್ಟರಲ್ಲಿ ಉಗುರು ಹೋಗುತ್ತಿತ್ತು.

ನಿಂತು ನುಡಿಸುವವರು ಹಾಕಿಸಿ, ಕೈಲಾದರೆ ಒಳ್ಳೆಯ ಸೆಟ್ಟನ್ನೇ. ಮನೆಯಿಂದ ಆಚೆ ಹೋಗದ ನನ್ನ ಇನ್ನೊಂದು ಗಿಟಾರಿಗೆ ಹಾರ್ಡ್‌ವೇರ್ ಅಂಗಡಿಯ ರಬ್ಬರ್ ವಾಷರ್ ಸಾಕಾಗಿದೆ.